ಹೊತ್ತು ಹೋಗದ ಗಂಡಸರು

ನಮ್ಮ ಚಿಕ್ಕಪ್ಪ ದಿನಾ ಬೆಳಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಸ್‌ಸ್ಟಾಪಿಗೆ ಹೋಗುತ್ತಾರೆ. ಬಸ್ಸು ಮಾತ್ರ ಹತ್ತುವುದಿಲ್ಲ. ಪಾವಗಡದಿಂದ ಬೆಂಗಳೂರಿಗೆ ಹೋಗೋ ಬಸ್ಸು ಬರುತ್ತೆ, ಮಧುಗಿರಿ ಲೋಕಲ್ ಬರುತ್ತೆ, ಎಲ್ಲಾ ಬಂದು ಹೋಗುತ್ತವೆ. ಯಾರಾದರೂ "ಯಾವ ಕಡೆಗೆ ಹೊರಟ್ಯಪ್ಪ?" ಅಂದರೆ "ಇಲ್ಲೇ ಮಧುಗಿರಿಗೆ, ವಸಿ ಕೆಲಸ ಇತ್ತು" ಅಂತಾರೆ. ಹನ್ನೆರಡೂವರೆಗೆ ಮನೆಗೆ ವಾಪಸ್. ಊಟ. ನಾಲ್ಕಕ್ಕೆ ಮತ್ತೆ ಅದೇ ಅರಳಿಕಟ್ಟೆ.

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ 22 ವರ್ಷ ಲೇತ್ ಓಡಿಸಿದವರು ಅವರು. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದರು. ಆಗ ಅವರಿಗೆ 44. ವರ್ಕ್‌ಶಾಪು ಮತ್ತೆ ತೆರೆಯುವ ಹೊತ್ತಿಗೆ ಅಲ್ಲಿ ಕಂಪ್ಯೂಟರ್ ಹೇಳಿದಂತೆ ಕೇಳುವ ಮಷೀನು ಬಂದಿತ್ತು, ಅದರ ಮುಂದೆ ನಿಲ್ಲೋಕೆ ಒಬ್ಬ ಹುಡುಗನೂ ಬಂದಿದ್ದ. ಆಮೇಲೆ ಸೆಕ್ಯುರಿಟಿ ಕೆಲಸಕ್ಕೆ ಹೋದರು, ಎರಡು ತಿಂಗಳಿಗೆ ಬಿಟ್ಟು ಬಂದರು. ಈಗ ಚಿಕ್ಕಮ್ಮ ಬೆಳಗ್ಗೆ ಏಳಕ್ಕೇ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾರೆ. ನಾನು ತಿಂಗಳ ಮೊದಲ ವಾರ ಒಂದಷ್ಟು ಗೂಗಲ್ ಪೇ ಮಾಡುತ್ತೇನೆ. ನನ್ನ ಕರ್ತವ್ಯ ಮುಗೀತು ಅಂದುಕೊಂಡಿದ್ದೆ.

ಯುಗಾದಿಗೆ ಊರಿಗೆ ಹೋದಾಗ "ದುಡ್ಡು ಸಾಲ್ತಾ ಇದ್ಯಾ ಚಿಕ್ಕಪ್ಪ?" ಅಂತ ಕೇಳಿದೆ. "ದುಡ್ಡಿಗೇನಪ್ಪ, ನಡೀತದೆ. ಹೊತ್ತೇ ಹೋಗಲ್ಲ ಕಣಪ್ಪ" ಅಂದರು. ಅಷ್ಟೇ. ಆಮೇಲೆ ಮಾತು ಮಳೆ ಕಡೆ ಹೋಯಿತು.

ನನಗೆ ಹಳೇ ಪುಸ್ತಕ, ಗೆಝೆಟಿಯರು ಓದೋ ಚಟ. ಈ ಮಾತನ್ನೂ ಅಲ್ಲಿಗೇ ಹೊತ್ತುಕೊಂಡು ಹೋದೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತುಮಕೂರು ಜಿಲ್ಲೆಯ ಉತ್ತರಕ್ಕಿರುವ ನಾಲ್ಕು ಒಣ ತಾಲ್ಲೂಕುಗಳು. ಇಲ್ಲಿ ನಡುವಯಸ್ಸಿನ ಗಂಡಸಿನ ಕೈಯಿಂದ ಕೆಲಸ ಜಾರಿದ್ದು ಇದೇ ಮೊದಲ ಸಲವಾ? ಓದುತ್ತಾ ಹೋದಂತೆ ಇದು ಇಲ್ಲಿ ಮತ್ತೆ ಮತ್ತೆ ನಡೆದ ಕಥೆ ಅಂತ ಗೊತ್ತಾಯಿತು. ಪ್ರತಿ ಸಲವೂ ಕಾರಣ ಎಲ್ಲೋ ದೂರದ್ದು. ನಾಚಿಕೆ ಮಾತ್ರ ಮನೆಯೊಳಗಿನದು.

ಶಿರಾದಿಂದ ಶುರು ಮಾಡೋಣ. ಹುಬ್ಬಳ್ಳಿ ಕಡೆ ಹೋಗುವಾಗ ನಾವು ಕಾಫಿಗೆ ನಿಲ್ಲಿಸೋ ಊರು. 1687ರಲ್ಲಿ ಮೊಗಲರು ಇದನ್ನು ಗೆದ್ದು ತಮ್ಮ ಕರ್ನಾಟಕ ಸುಬಾದ ಕೇಂದ್ರ ಮಾಡಿಕೊಂಡರು. ಸುಬೇದಾರ ಇದ್ದಾನೆ ಅಂದರೆ ದಂಡು ಇರುತ್ತೆ, ದಫ್ತರ ಇರುತ್ತೆ. ಅದರ ಹಿಂದೆ ಕಾರಕೂನ, ಮಾಲಿ, ನೇಕಾರ, ಚಿಪ್ಪಿಗ, ಲಾಳ ಹೊಡೆಯುವವನು, ಕುದುರೆಗೆ ಹುಲ್ಲು ತರುವವನು ಎಲ್ಲರೂ ಬರುತ್ತಾರೆ. ಲಾಲ್‌ಬಾಗಿಗೆ ಶಿರಾದ ತೋಟವೇ ಮಾದರಿ ಅನ್ನೋ ಮಾತನ್ನು ನೀವೂ ಕೇಳಿರಬಹುದು. 1761ರಲ್ಲಿ ಶಿರಾ ಹೈದರಾಲಿಯ ಕೈಗೆ ಬಂತು. ಅಧಿಕಾರ ಶ್ರೀರಂಗಪಟ್ಟಣಕ್ಕೆ ಹೋಯಿತು. ಮುಂದೆ ಟಿಪ್ಪು ಅಲ್ಲಿ ಶಹರ್ ಗಂಜಾಮ್ ಅನ್ನೋ ಹೊಸ ಪೇಟೆ ಕಟ್ಟಿಸಿದಾಗ, ಅದನ್ನು ತುಂಬೋಕೆ ಶಿರಾದಿಂದ 12,000 ಕುಟುಂಬಗಳನ್ನು ಎತ್ತಿಸಿದ ಎನ್ನುತ್ತದೆ ಬಿ.ಎಲ್. ರೈಸ್ ಅವರ ಮೈಸೂರು ಗೆಝೆಟಿಯರ್.

ಎತ್ತಿಸಿದವರ ಕಷ್ಟ ಒಂದು ಥರದ್ದು. ಉಳಿದವರದ್ದು ಇನ್ನೊಂದು ಥರ. ಗಿರಾಕಿಗಳೆಲ್ಲ ಹೊರಟು ಹೋದ ಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆದು ಕೂತವನನ್ನು ನೆನೆಸಿಕೊಳ್ಳಿ. ಅವನ ಕೈಚಳಕ ಕಡಿಮೆಯಾಗಿಲ್ಲ, ಸೋಮಾರಿಯೂ ಆಗಿಲ್ಲ. ಬೇಕು ಅನ್ನೋರಿಲ್ಲ, ಅಷ್ಟೇ.

ಎರಡನೇ ಕಥೆ ಬೆಂಕಿಯದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಹೊಸ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ನೋಡಿಕೊಂಡು ಬಾ ಅಂತ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದ. 1800-1801ರಲ್ಲಿ ಆತ ಊರೂರು ಸುತ್ತಿ ಬರೆದದ್ದು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಮಧುಗಿರಿ ಮತ್ತು ಚನ್ನರಾಯನದುರ್ಗದ ಸೀಮೆಯಲ್ಲಿ ಕಬ್ಬಿಣ ಕರಗಿಸುತ್ತಿದ್ದುದನ್ನು ಅವನು ವಿವರವಾಗಿ ಬರೆದಿದ್ದಾನೆ. ಚನ್ನರಾಯನದುರ್ಗ ಅಂದರೆ ಈಗಿನ ಕೊರಟಗೆರೆ ತಾಲ್ಲೂಕಿನ ಹೋಬಳಿ. ಟ್ರೆಕಿಂಗಿಗೆ ಹೋಗಿ ಮೇಲೆ ನಿಂತು ಫೋಟೋ ತೆಗೆಸಿಕೊಳ್ತೀವಲ್ಲ, ಅದೇ ಬೆಟ್ಟ.

ಮಳೆಗಾಲದಲ್ಲಿ ಬೆಟ್ಟದ ಬಂಡೆಗಳಿಂದ ಇಳಿಯುವ ಹಳ್ಳಗಳು ಕರಿ ಮರಳನ್ನು ಹೊತ್ತು ತರುತ್ತಿದ್ದವು. ಆ ಮರಳಿನಲ್ಲಿ ಕಬ್ಬಿಣದ ಅಂಶ. ಅದನ್ನು ಗುಡಿಸಿ, ನೀರಲ್ಲಿ ತೊಳೆದು, ಇದ್ದಲಿನ ಜೊತೆ ಒಲೆಗೆ ತುಂಬಿ, ತಿದಿ ಒತ್ತಿ ಕರಗಿಸುತ್ತಿದ್ದರು. ಒಳ್ಳೇ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿಟ್ಟು, ಒಂದಿಷ್ಟು ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿ ಮುಚ್ಚಿ ಕಾಯಿಸಿದರೆ ಉಕ್ಕು. ಯಾವ ಮೂಸೆ ಯಾವಾಗ ತೆಗೀಬೇಕು, ಬೆಂಕಿ ಬಣ್ಣ ಹೇಗಿರಬೇಕು ಅನ್ನೋದೆಲ್ಲ ಕಣ್ಣಂದಾಜು. ಈ ಕಣ್ಣಂದಾಜು ಬರೋಕೆ ವರ್ಷಗಳು ಬೇಕು. ಅಂದರೆ ಈ ಕಸುಬಿನಲ್ಲಿ ನಲವತ್ತು ದಾಟಿದವನೇ ಮೇಸ್ತ್ರಿ. ವಯಸ್ಸು ಅವನ ಬಂಡವಾಳ.

1864 ಅನ್ನೋ ಇಸವಿ ನೆನಪಿಟ್ಟುಕೊಳ್ಳಿ. ಆ ವರ್ಷ ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಅದೇ ವರ್ಷ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿತು. ರೈಲಿನ ಜೊತೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಪೇಟೆಗೆ ಬರೋದು ಸಲೀಸಾಯಿತು. ಅರಣ್ಯ ಇಲಾಖೆಯ ಜೊತೆ ಇದ್ದಲಿಗೆ ಸೌದೆ ಕಡಿಯೋದು ಕಷ್ಟವಾಯಿತು, ದುಬಾರಿಯೂ ಆಯಿತು. ಒಂದೊಂದೇ ಒಲೆ ಆರಿತು. 1923ರಲ್ಲಿ ಮೈಸೂರು ಸಂಸ್ಥಾನ ಮತ್ತೆ ದೊಡ್ಡದಾಗಿ ಕಬ್ಬಿಣ ಕರಗಿಸಲು ಶುರು ಮಾಡಿದ್ದು ಭದ್ರಾವತಿಯಲ್ಲಿ. ಚನ್ನರಾಯನದುರ್ಗದ ಮೇಸ್ತ್ರಿಯ ಮೊಮ್ಮಗನ ಹೊತ್ತಿಗೆ ಬೆಂಕಿ ಬಣ್ಣ ನೋಡೋ ವಿದ್ಯೆ ಯಾರಿಗೂ ಬೇಡವಾಗಿತ್ತು.

ನಮ್ಮ ಚಿಕ್ಕಪ್ಪನೂ ಲೇತ್ ಮುಂದೆ ನಿಂತು ಕಿವಿಯಿಂದಲೇ ಕೆಲಸ ಮಾಡ್ತಿದ್ದೋರು. ಟೂಲ್ ಸದ್ದು ಬದಲಾದರೆ ಮೊನೆ ಸವೆದಿದೆ ಅಂತ ಗೊತ್ತಾಗ್ತಿತ್ತಂತೆ. ಹೊಸ ಮಷೀನಿಗೆ ಆ ಕಿವಿ ಬೇಕಿಲ್ಲ. ಇದನ್ನು ಹೊಸ ತಂತ್ರಜ್ಞಾನದ ಸಮಸ್ಯೆ ಅಂತ ನಾವು ಆಫೀಸಿನಲ್ಲಿ ಕೂತು ಚರ್ಚೆ ಮಾಡ್ತೀವಿ. ಕೊರಟಗೆರೆಯ ಬೆಟ್ಟದ ಬುಡದಲ್ಲಿ ಇದು ಒಂದೂವರೆ ಶತಮಾನದ ಹಿಂದೆಯೇ ಆಗಿ ಮುಗಿದಿದೆ.

ಹಾಗಂತ ಆಳುವವರು ಕೆಲಸ ಕಳೆದುಕೊಂಡ ಗಂಡಸರನ್ನು ಯಾವತ್ತೂ ಗಮನಿಸಿಲ್ಲ ಅಂತಲ್ಲ. ಒಂದು ಸಲ ಗಮನಿಸಿದ್ದರು, ಬಹಳ ಚೆನ್ನಾಗಿಯೇ. 1799ರಲ್ಲಿ ಟಿಪ್ಪುವಿನ ಸೈನ್ಯ ಚದುರಿತು. ಹಳೇ ಪಾಳೆಯಗಾರರ ದುರ್ಗಗಳಲ್ಲಿದ್ದ ಕಾಲಾಳುಗಳಿಗೂ ಕೆಲಸವಿಲ್ಲ. ದಿವಾನ್ ಪೂರ್ಣಯ್ಯ ಏನು ಮಾಡಿದರು ಗೊತ್ತಾ? ಇಂಥವರಲ್ಲಿ ಸಾವಿರಾರು ಜನರನ್ನು ಅವರವರ ಸೀಮೆಯಲ್ಲೇ ಕಂದಾಚಾರದ ಪೇದೆಗಳಾಗಿ ಮತ್ತೆ ಸೇರಿಸಿಕೊಂಡರು. ಕಂದಾಚಾರ ಅಂದರೆ ಇವತ್ತು ನಮಗೆ ಮೂಢನಂಬಿಕೆ. ಆಗ ಅದು ಸೈನ್ಯದ ಇಲಾಖೆಯ ಹೆಸರು. ಸಂಬಳ ಸಣ್ಣದು, ಕೆಲಸವೂ ಅಷ್ಟಕ್ಕಷ್ಟೆ. ಆದರೆ ಊರಲ್ಲಿ ಒಂದು ಪದವಿ, ಕೈಯಲ್ಲಿ ಒಂದು ಹೊಣೆ. ಸುಮ್ಮನೆ ಕೂತ ಸಿಪಾಯಿ ಎಷ್ಟು ಅಪಾಯ ಅನ್ನೋದು ಪೂರ್ಣಯ್ಯನವರಿಗೆ ಗೊತ್ತಿತ್ತು.

ಕಬ್ಬಿಣದ ಮೇಸ್ತ್ರಿಗೆ ಇಂಥ ಏರ್ಪಾಡು ಆಗಲಿಲ್ಲ, ಯಾಕೆಂದರೆ ಅವನ ಕೈಯಲ್ಲಿ ಕತ್ತಿ ಇರಲಿಲ್ಲ. ಅವನಿಂದ ಯಾರಿಗೂ ತೊಂದರೆಯಿಲ್ಲ, ಅವನ ಮನೆಯವರನ್ನು ಬಿಟ್ಟು. ಈ ವ್ಯತ್ಯಾಸ ಮುಂದೆಯೂ ಬರುತ್ತೆ, ನೋಡ್ತಾ ಇರಿ.

ಮೂರನೆಯದು ನಮ್ಮ ಅಜ್ಜಂದಿರ ಅಜ್ಜಂದಿರು ಕಂಡ ಧಾತು-ಈಶ್ವರ ಸಂವತ್ಸರಗಳ ಬರ. ಇಸವಿ ಲೆಕ್ಕದಲ್ಲಿ 1876-78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷ ಇದ್ದದ್ದು 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ತುಮಕೂರು, ಕೋಲಾರದಂಥ ಮಳೆಯಾಶ್ರಿತ ಜಿಲ್ಲೆಗಳಿಗೆ ಹೊಡೆತ ಜೋರು. ಆಗ ಆಡಳಿತ ನಡೆಸುತ್ತಿದ್ದ ಬ್ರಿಟಿಷರು ಪರಿಹಾರ ಕಾಮಗಾರಿ ತೆರೆದರು. ಕೆರೆ ಏರಿ, ರಸ್ತೆ, ಜಲ್ಲಿ ಒಡೆಯೋದು. ಬೆಂಗಳೂರು-ಮೈಸೂರು ರೈಲು ದಾರಿಯ ಕೆಲಸ ಶುರುವಾದದ್ದೂ ಈ ಬರಗಾಲದ ಕೂಲಿಯಿಂದಲೇ.

ಆ ಕಾಲದ ಬರನೀತಿಯಲ್ಲಿ ಒಂದು ವಿಚಿತ್ರ ತರ್ಕವಿತ್ತು. ಊಟ ಸುಮ್ಮನೆ ಕೊಟ್ಟರೆ ಸೋಮಾರಿಗಳೂ ಬರುತ್ತಾರೆ. ಮನೆಯಿಂದ ದೂರ ಬರಬೇಕು, ಗೊತ್ತುಮಾಡಿದಷ್ಟು ಕಲ್ಲು ಒಡೆಯಬೇಕು, ಕೂಲಿ ಹೊಟ್ಟೆಗೆ ಸಾಕಾಗುವಷ್ಟೇ ಇರಬೇಕು. ಇಷ್ಟಕ್ಕೂ ಒಪ್ಪಿ ಬಂದವನು ನಿಜವಾದ ಬಡವ. ಕೆಲಸ ಅನ್ನೋದು ಇಲ್ಲಿ ಪರೀಕ್ಷೆ. ಎರಡು ಜೋಡಿ ಎತ್ತು ಕಟ್ಟಿದ್ದ ರೈತ, ಮಗ್ಗ ಇಟ್ಟುಕೊಂಡಿದ್ದ ನೇಕಾರ, ಎಲ್ಲರೂ ಜಲ್ಲಿ ರಾಶಿಯ ಮುಂದೆ ಒಂದೇ. ನೀನು ಕೆಲಸಗಳ್ಳ ಅಲ್ಲ ಅಂತ ಮೊದಲು ಸಾಬೀತು ಮಾಡು, ಆಮೇಲೆ ನೋಡೋಣ ಅನ್ನೋ ಈ ಮಾತು ಬರ ಮುಗಿದ ಮೇಲೂ ಮುಗಿಯಲಿಲ್ಲ. ಇವತ್ತಿಗೂ ಕೆಲಸ ಹೋದವನಿಗೆ ನಾವು ಕೇಳೋ ಮೊದಲ ಪ್ರಶ್ನೆ ಏನು? "ಏನೂ ಟ್ರೈ ಮಾಡ್ತಾ ಇಲ್ವಾ?"

ಇಪ್ಪತ್ತನೇ ಶತಮಾನಕ್ಕೆ ಬರೋಣ. ನಮ್ಮ ಅಪ್ಪನ ತಲೆಮಾರಿಗೆ ಎರಡು ಆಸೆಗಳಿದ್ದವು. ಒಂದು ಕಡ್ಲೆಕಾಯಿ, ಇನ್ನೊಂದು ಕಾರ್ಖಾನೆ. ಪಾವಗಡ, ಶಿರಾ, ಮಧುಗಿರಿಯ ಕೆಂಪು ನೆಲದಲ್ಲಿ ನವಣೆ, ಸಜ್ಜೆ ಹಿಂದೆ ಸರಿದು ಕಡ್ಲೆಕಾಯಿ ಬಂತು. ಅದರ ಹಿಂದೆ ಎಣ್ಣೆ ಮಿಲ್ಲುಗಳು ಬಂದವು. ಹೊಲದಲ್ಲಿ ಬಿಡಿಸೋಕೆ, ಮಿಲ್ಲಿನಲ್ಲಿ ಮೂಟೆ ಹೊರೋಕೆ, ಲಾರಿ ತುಂಬೋಕೆ ಆಳು ಬೇಕಾಗ್ತಿತ್ತು. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಆಮದಿನ ಬಾಗಿಲು ತೆರೆಯಿತು. ಮಲೇಷ್ಯಾ, ಇಂಡೋನೇಷ್ಯಾದ ತಾಳೆ ಎಣ್ಣೆ ನಮ್ಮ ಬೋಂಡದ ಬಾಣಲೆಗೆ ಬಂತು. ಜೊತೆಗೆ ಸಾಲು ಸಾಲು ಬರ, ಬೋರ್‌ವೆಲ್ ಆಳಕ್ಕೆ ಇಳಿದಂತೆ ಪಾವಗಡದಲ್ಲಿ ಫ್ಲೋರೈಡ್ ನೀರು. ಕಡ್ಲೆಕಾಯಿ ನಂಬಿದವರು ಬೆಂಗಳೂರು ಬಸ್ಸು ಹತ್ತಿದರು.

ಕಾರ್ಖಾನೆಯ ಆಸೆಗೆ ಒಂದು ಹೆಸರಿತ್ತು: ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ. 1978ರಲ್ಲಿ ಶುರುವಾದದ್ದು. ಜಿಲ್ಲೆಯ ಐಟಿಐ ಮುಗಿಸಿದ ಹುಡುಗನಿಗೆ ಅಲ್ಲಿ ಕೆಲಸ ಸಿಕ್ಕರೆ ಹೆಣ್ಣು ಕೊಡೋರು ಮನೆ ಬಾಗಿಲಿಗೆ ಬರ್ತಿದ್ದರು. ಆಮೇಲೆ ಬ್ಯಾಟರಿ ವಾಚುಗಳು ಬಂದವು, ಟೈಟನ್ ಬಂತು, ಕೊನೆಗೆ ಮೊಬೈಲ್ ಬಂದು ಗಡಿಯಾರವನ್ನೇ ನುಂಗಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ತೆಗೆದುಕೊಂಡಿತು. ಸ್ವಯಂ ನಿವೃತ್ತಿಯ ದುಡ್ಡು ಕೊಟ್ಟು ಕಳಿಸಿದರು. ಸೈರನ್ ಸದ್ದಿಗೆ ಎದ್ದು, ಸೈರನ್ ಸದ್ದಿಗೆ ಉಣ್ಣುತ್ತಿದ್ದ ಗಂಡಸರಿಗೆ ಮಾರನೇ ದಿನ ಯಾವ ಸದ್ದೂ ಇಲ್ಲ.

ಗಡಿಯಾರದ ಮಾತು ಬಂದದ್ದಕ್ಕೆ ಒಂದು ಸಲ ಆಸ್ಟ್ರಿಯಾಗೆ ಹೋಗಿ ಬರಬೇಕು. ಕೆಲಸ ಹೋದವನಿಗೆ ಹೊತ್ತು ಯಾಕೆ ಹೋಗಲ್ಲ ಅನ್ನೋದನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಕೂತು ಅಳೆದು ನೋಡಿದ್ದು ಅಲ್ಲಿ.

ವಿಯೆನ್ನಾ ಹತ್ತಿರ ಮರಿಯೆಂತಾಲ್ ಅಂತ ಒಂದು ಊರು. ಊರಿಗೆಲ್ಲ ಒಂದೇ ಬಟ್ಟೆ ಗಿರಣಿ. 1929ರಲ್ಲಿ ಮುಚ್ಚೋಕೆ ಶುರುವಾಗಿ 1930ರ ಹೊತ್ತಿಗೆ ಪೂರ್ತಿ ನಿಂತಿತು. ಸುಮಾರು 480 ಕುಟುಂಬಗಳು, ಬಹುಪಾಲು ಕೆಲಸವಿಲ್ಲದವು. ಮರೀ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಮೂವರು ಸಂಗಡಿಗರ ಜೊತೆ ಅಲ್ಲಿಗೆ ಹೋಗಿ, ನೋಡಿದ್ದನ್ನು 1933ರಲ್ಲಿ ಪುಸ್ತಕ ಮಾಡಿದರು. ಕೈತುಂಬಾ ಬಿಡುವು ಸಿಕ್ಕಿದ ಜನ ಓದ್ತಾರೆ, ರಾಜಕೀಯ ಮಾಡ್ತಾರೆ ಅನ್ನೋ ಅಂದಾಜಿತ್ತು. ಆದದ್ದು ಉಲ್ಟಾ. ಗ್ರಂಥಾಲಯದಿಂದ ಪುಸ್ತಕ ಒಯ್ಯೋರು ಅರ್ಧಕ್ಕೆ ಇಳಿದರು, ಶುಲ್ಕ ತೆಗೆದು ಹಾಕಿದ ಮೇಲೂ. ಸಂಶೋಧಕರು ಕಿಟಕಿಯಲ್ಲಿ ಕೂತು ಬೀದಿಯಲ್ಲಿ ನಡೆಯುವವರ ವೇಗ ಅಳೆದರು. ಗಂಡಸರು ನಿಧಾನ, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರು ಬೇಗ ಬೇಗ ದಾಟುತ್ತಿದ್ದರು. ಎಷ್ಟೋ ಗಂಡಸರು ವಾಚು ಕಟ್ಟೋದನ್ನೇ ಬಿಟ್ಟಿದ್ದರು. ಬೆಳಗಿಂದ ಏನು ಮಾಡಿದೆ ಬರೆದುಕೊಡು ಅಂದರೆ ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟು ಬೇರೇನೂ ನೆನಪಾಗುತ್ತಿರಲಿಲ್ಲ.

ಯಹೋಡಾ ಮುಂದೆ ಹಲವು ವರ್ಷ ಇದನ್ನೇ ಯೋಚಿಸಿದರು. ಕೆಲಸ ಸಂಬಳದ ಜೊತೆ ಇನ್ನೂ ಐದು ಕೊಡುತ್ತದೆ ಅನ್ನೋದು ಅವರ ಮಾತು: ದಿನಕ್ಕೊಂದು ಅಳತೆ, ಮನೆಯಾಚೆಯ ಜನ, ಎಲ್ಲರ ಜೊತೆ ಸೇರಿ ಏನನ್ನೋ ಮಾಡುವ ಉದ್ದೇಶ, ಊರಲ್ಲೊಂದು ಸ್ಥಾನ, ಕೈಗೆ ಚಟುವಟಿಕೆ. ಪರಿಹಾರದ ದುಡ್ಡು ಸಂಬಳವನ್ನು ತುಂಬಬಹುದು. ಉಳಿದ ಐದನ್ನು ತುಂಬೋದಿಲ್ಲ. ಮರಿಯೆಂತಾಲಿನ ಹೆಂಗಸರಿಗೂ ಗಿರಣಿ ಕೆಲಸ ಹೋಗಿತ್ತು. ಆದರೆ ಒಲೆ, ಮಕ್ಕಳು, ಒಗೆಯೋ ಬಟ್ಟೆ ಅವರ ದಿನವನ್ನು ಹಿಡಿದಿಟ್ಟಿತ್ತು. ಅದೇನೂ ಸುಖವಲ್ಲ, ದುಡಿಮೆಯ ಮೇಲೆ ದುಡಿಮೆ. ನಮ್ಮ ಚಿಕ್ಕಮ್ಮನೂ ಗಾರ್ಮೆಂಟ್ಸ್ ಮುಗಿಸಿ ಬಂದು ಮುದ್ದೆಗೆ ಎಸರು ಇಡುತ್ತಾರೆ. ಚಿಕ್ಕಪ್ಪ ಒಲೆ ಮುಟ್ಟಲ್ಲ. ಮುಟ್ಟಿದರೆ ಇದ್ದ ಮಾನವೂ ಹೋಗುತ್ತೆ ಅನ್ನೋ ಭಯ ಇರಬಹುದು.

ಈಗ ಪಾವಗಡಕ್ಕೆ ಬನ್ನಿ. ಮರಿಯೆಂತಾಲಿನ ಪ್ರಶ್ನೆ ಇವತ್ತು ಎದುರಿಗೆ ಕಾಣೋದು ಇಲ್ಲಿ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಸರ್ಕಾರ ಜಮೀನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ, 28 ವರ್ಷ. ಬೆಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನೋ ನೆಲದಲ್ಲಿ ಇದು ಸಣ್ಣ ಮಾತಲ್ಲ. ಭೂಸ್ವಾಧೀನಕ್ಕಿಂತ ಎಷ್ಟೋ ವಾಸಿ. ನಮ್ಮ ಆಫೀಸಿನ ಏಸಿ ಓಡೋದಕ್ಕೂ ಅಲ್ಲಿಯ ಬಿಸಿಲಿನ ಪಾಲಿದೆ.

ಆದರೆ ಲೆಕ್ಕ ಹಾಕಿ ನೋಡಿ. ಐದು ಎಕರೆ ಕೊಟ್ಟವನಿಗೆ ಶುರುವಿನಲ್ಲಿ ವರ್ಷಕ್ಕೆ 1,05,000. ತಿಂಗಳಿಗೆ 8,750. ಮನೆ ನಡೆಯುತ್ತೆ, ಕಷ್ಟಪಟ್ಟು. ಸಹಿ ಹಾಕಿದ ದಿನ ಅವನಿಗೆ 45 ಆಗಿದ್ದರೆ ಗುತ್ತಿಗೆ ಮುಗಿಯುವಾಗ 73. ದುಡಿಯೋ ವಯಸ್ಸು ಪೂರ್ತಿ ಗಾಜಿನ ಹಲಗೆಯ ಕೆಳಗೆ ಹೋಯಿತು. ಎತ್ತು ಮಾರಿದ್ದಾನೆ. ಬೆಳಗ್ಗೆ ಎದ್ದು ಹೋಗೋ ಹೊಲಕ್ಕೆ ಬೇಲಿ ಬಿದ್ದಿದೆ. ಜಮೀನಿದ್ದವನ ಪಾಡು ಇದಾದರೆ, ಜಮೀನೇ ಇಲ್ಲದ ಕೂಲಿಯವನಿಗೆ ಬಾಡಿಗೆಯೂ ಇಲ್ಲ. ಕಳೆ, ಕುಯ್ಲು, ಕಡ್ಲೆಕಾಯಿ ಬಿಡಿಸೋದು ನಿಂತಿತು. ಕುರಿಯವರಿಗೆ ಮೇವಿನ ಬಯಲು ಹೋಯಿತು. ಪಾರ್ಕಿನೊಳಗೆ ಹುಲ್ಲು ಕೀಳೋದು, ಪ್ಯಾನೆಲ್ ತೊಳೆಯೋದು, ಗೇಟು ಕಾಯೋದು ಒಂದಿಷ್ಟು ಜನಕ್ಕೆ ಸಿಕ್ಕಿತು. ಕೂಲಿ ಕಳೆದುಕೊಂಡವರಲ್ಲಿ ಹೆಂಗಸರೇ ಬಹಳ, ಅವರ ಲೆಕ್ಕ ಇನ್ನೂ ಕಡಿಮೆ ಬರೆದಿದ್ದಾರೆ. ಮೆಗಾವಾಟ್ ಲೆಕ್ಕ ಪ್ರತಿ ನಿಮಿಷಕ್ಕೂ ಇದೆ. ತಿರುಮಣಿಯ ಗಂಡಸಿನ ಹೊತ್ತಿನ ಲೆಕ್ಕ ಮರಿಯೆಂತಾಲಿನ ಹಾಗೆ ಕಿಟಕಿಯಲ್ಲಿ ಕೂತು ಬರೆಯಬೇಕಾದದ್ದು.

ಇಷ್ಟೆಲ್ಲ ಆದಾಗ ಮನಸ್ಸಿನ ಆಸ್ಪತ್ರೆಗಳು ಏನು ಮಾಡ್ತಿದ್ದವು ಅಂತ ನೀವು ಕೇಳಬಹುದು. ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1840ರ ದಶಕದ ಕೊನೆಗೆ. ಆ ಕಾಲದ ಕಾನೂನಿನ ಕಣ್ಣಿಗೆ ಬೀಳುತ್ತಿದ್ದವರು ಎರಡು ಥರ: ಬೀದಿ ಅಲೆಯುವವರು, ಅಪಾಯ ಮಾಡುವವರು. ಬ್ರಿಟಿಷ್ ಇಂಡಿಯಾದ 1858ರ ಕಾಯ್ದೆ ಇಂಥವರನ್ನು ಹಿಡಿದು ತರೋ ಕೆಲಸ ಪೊಲೀಸರಿಗೆ ಕೊಟ್ಟಿತ್ತು. ಪೂರ್ಣಯ್ಯನವರ ಲೆಕ್ಕ ನೆನಪಾಯಿತಾ? ಗದ್ದಲ ಮಾಡಿದವನು ದಫ್ತರಕ್ಕೆ ಬರುತ್ತಾನೆ. ಜಗಲಿಯ ಮೂಲೆಯಲ್ಲಿ ಮಾತು ಬಿಟ್ಟು ಕೂತವನು ಬರೋದಿಲ್ಲ.

1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಅಂತಾಯಿತು. 1937ರಲ್ಲಿ ಹೊಸೂರು ರಸ್ತೆಯ ಈಗಿನ ಜಾಗಕ್ಕೆ ಬಂತು. 1974ರಲ್ಲಿ ನಿಮ್ಹಾನ್ಸ್ ಆಯಿತು. ಆಗ ಅಲ್ಲಿಯ ವೈದ್ಯರಿಗೆ ಒಂದು ವಿಷಯ ಹೊಳೆಯಿತು. ಹಳ್ಳಿಯವನು ಇಲ್ಲಿಗೆ ಬರೋದಿಲ್ಲ, ನಾವೇ ಹೋಗಬೇಕು. ಮೊದಲು ಬೆಂಗಳೂರು ಹತ್ತಿರದ ಸಕಲವಾರದಲ್ಲಿ, ಆಮೇಲೆ 1985ರಿಂದ ಬಳ್ಳಾರಿ ಜಿಲ್ಲೆ ಪೂರ್ತಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಅಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿದರು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇವತ್ತು ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಇದೆ. ಗೊತ್ತುಮಾಡಿದ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. 2022ರಿಂದ ಟೆಲಿ ಮಾನಸ್ ಅನ್ನೋ ಉಚಿತ ಫೋನ್ ಸಹಾಯವಾಣಿಯೂ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6 ಜನರಿಗೆ ಆ ಹೊತ್ತಿನಲ್ಲಿ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ಗಂಡಸರಲ್ಲಿ ಶೇ 13.9, ಹೆಂಗಸರಲ್ಲಿ ಶೇ 7.5. ಕುಡಿತದ ತೊಂದರೆಯೂ ಈ ಲೆಕ್ಕದಲ್ಲಿ ಸೇರಿದೆ. ಎಲ್ಲಕ್ಕಿಂತ ಹೆಚ್ಚು ಕಂಡದ್ದು 40ರಿಂದ 49ರ ವಯಸ್ಸಿನವರಲ್ಲಿ. ಬಹುಪಾಲು ಜನ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ ನಾಲ್ವರಿಗೆ ಒಬ್ಬರು ದಿನಗೂಲಿಯವರು ಅನ್ನುತ್ತದೆ ಅಪರಾಧ ದಾಖಲೆಗಳ ಬ್ಯೂರೋ.

ಕುಡಿತದ ಮಾತು ಬಂದಾಗ ನಾವು ಬೇಗ ತೀರ್ಪು ಕೊಟ್ಟುಬಿಡ್ತೀವಿ. ಸರ್ಕಾರವೂ ಅಷ್ಟೇ. ರೈತರ ಆತ್ಮಹತ್ಯೆಗಳ ಬಗ್ಗೆ ಜಿ.ಕೆ. ವೀರೇಶ್ ನೇತೃತ್ವದ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಕುಡಿತ, ಸಂಸಾರದ ಜಗಳಗಳಿಗೆ ದೊಡ್ಡ ಜಾಗ ಕೊಟ್ಟಿತು, ಸಾಲದ ಪಾಲನ್ನು ಕಡಿಮೆ ಮಾಡಿತು ಅಂತ ಬಹಳ ಟೀಕೆ ಬಂತು. ನನಗೆ ಅನ್ನಿಸೋದು ಇಷ್ಟು: ಕುಡಿತ ಇತ್ತು ಅನ್ನೋದು ನಿಜವೇ ಇರಬಹುದು. ಆದರೆ ಕಡ್ಲೆಕಾಯಿ ಹೋದದ್ದು ಮೊದಲಾ, ಬಾಟಲಿ ಬಂದದ್ದು ಮೊದಲಾ ಅಂತ ಕೇಳದೆ ಬರೆದ ಇತಿಹಾಸ ಅರ್ಧ ಇತಿಹಾಸ.

"ಉದ್ಯೋಗಂ ಪುರುಷ ಲಕ್ಷಣಂ" ಅಂತ ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಹೇಳ್ತಾರೆ. ಉದ್ಯೋಗ ಹೋದ ದಿನ ಅದರ ಉಳಿದರ್ಧ ತಾನಾಗಿ ಹೊಳೆಯುತ್ತೆ: ನೀನು ಗಂಡಸೇ ಅಲ್ಲ. ಶ್ರೀರಂಗಪಟ್ಟಣದ ಪೇಟೆ, ಇಂಗ್ಲೆಂಡಿನ ಕಬ್ಬಿಣ, ಮಲೇಷ್ಯಾದ ತಾಳೆ ಎಣ್ಣೆ, ದೆಹಲಿಯ ಸಂಪುಟದ ತೀರ್ಮಾನ, ಇವು ಯಾವುವೂ ನಮ್ಮೂರ ಗಂಡಸಿನ ಸೋಮಾರಿತನದಿಂದ ಬಂದದ್ದಲ್ಲ. ಆದರೆ ಅರಳಿಕಟ್ಟೆಯಲ್ಲಿ ಕೂತವನಿಗೆ ಇದನ್ನು ಯಾರೂ ಹೇಳಿಲ್ಲ. ತಪ್ಪು ತನ್ನದೇ ಅಂತ ಅವನು ನಂಬಿದ್ದಾನೆ, ಇಸ್ತ್ರಿ ಶರ್ಟು ಹಾಕಿ ಮುಚ್ಚಿಟ್ಟುಕೊಂಡಿದ್ದಾನೆ. ನಮ್ಮಲ್ಲಿ ಲೇಆಫ್ ಆದ ಮೇಲೂ ತಿಂಗಳುಗಟ್ಟಲೆ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಕೆಫೆಗೆ ಹೋಗಿ ಕೂರೋ ಗೆಳೆಯರಿದ್ದಾರೆ. ಅವರ ಕಟ್ಟೆಗೆ ವೈಫೈ ಇದೆ, ಅಷ್ಟೇ ವ್ಯತ್ಯಾಸ.

ಚಿಕ್ಕಪ್ಪನ ಹತ್ತಿರ "ಡಿಪ್ರೆಶನ್" ಅನ್ನೋ ಪದ ಎತ್ತಲಿಲ್ಲ. ಎತ್ತಿದರೆ ಎದ್ದು ಹೋಗ್ತಾರೆ. ಆದರೆ ಅವರೇ ಒಂದು ಸಲ ರಾತ್ರಿ ನಿದ್ದೆ ಬರಲ್ಲ, ಮೆಡಿಕಲ್ ಶಾಪಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ತಗೋತಿದ್ದೀನಿ ಅಂದಿದ್ದರು. ಅದನ್ನೇ ಹಿಡಿದುಕೊಂಡೆ. ಒಂದು ಮಂಗಳವಾರ ರಜೆ ಹಾಕಿ ಹೋಗಿ "ನಡಿ ಚಿಕ್ಕಪ್ಪ, ನಿದ್ದೆಗೆ ತೋರಿಸ್ಕೊಂಡು ಬರೋಣ" ಅಂದೆ. ಆ ದಿನ ಅವರು ನಿಜವಾಗಿ ಬಸ್ಸು ಹತ್ತಿದರು.

ಡಾಕ್ಟರು ಚಿಕ್ಕ ವಯಸ್ಸಿನವರು. ನಿದ್ದೆ ಬಗ್ಗೆ ಕೇಳಿದರು, ಊಟದ ಬಗ್ಗೆ ಕೇಳಿದರು, ಆಮೇಲೆ "ಏನ್ ಕೆಲಸ ಮಾಡ್ತಿದ್ರಿ ಯಜಮಾನ್ರೇ?" ಅಂದರು. ಚಿಕ್ಕಪ್ಪ ಮೊದಲು ಸುಮ್ಮನಿದ್ದರು. ಆಮೇಲೆ ಲೇತ್ ಬಗ್ಗೆ ಮಾತು ತೆಗೆದರು. ಟೂಲ್ ಸದ್ದು, ಹಿತ್ತಾಳೆ ಸುರುಳಿ ಹೇಗೆ ಬರಬೇಕು, ಉಕ್ಕಿನದು ಹೇಗೆ, ಒಂದು ಸಲ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲಿ ಸವರಿಯೇ ಹೇಳಿದ್ದು. ಹೊರಗೆ ಇನ್ನೂ ಹತ್ತು ಹದಿನೈದು ಜನ ಕಾಯ್ತಿದ್ದರು. ಡಾಕ್ಟರು ತಡೆಯಲಿಲ್ಲ. ಕೆಲಸ ಬಿಟ್ಟ ಮೇಲೆ ಅವರನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಾನು ಕೇಳ್ತಿದ್ದದ್ದು ದುಡ್ಡು ಸಾಲ್ತಾ ಇದ್ಯಾ ಅಂತ ಮಾತ್ರ.

ಮಾತ್ರೆ ಬರೆದುಕೊಟ್ಟರು, ಮತ್ತೆ ಬನ್ನಿ ಅಂದರು. ಸಂಜೆ ಊರಿನ ಸ್ಟಾಪಿನಲ್ಲಿ ಇಳಿದಾಗ ಟೀ ಅಂಗಡಿಯವನು "ಯಾವ ಕಡೆ ಹೋಗಿದ್ಯಣ್ಣ?" ಅಂದ. ನಾನು ಎಂದಿನ ಉತ್ತರಕ್ಕೆ ಕಾದೆ.

"ಆಸ್ಪತ್ರೆಗೆ ಕಣ್ಲಾ. ರಾತ್ರಿ ನಿದ್ದೆ ಬರಲ್ಲ" ಅಂದರು ಚಿಕ್ಕಪ್ಪ.

ಅವನು ಟೀ ಸೋಸೋದು ನಿಲ್ಲಿಸಿದ. ಅವನಿಗೂ ಐವತ್ತರ ಹತ್ತಿರ ಇರಬೇಕು. "ನಂಗೂ ಬರಲ್ಲ ಕಣಣ್ಣ" ಅಂದ. "ಯಾವ ವಾರ ಅಂದೆ ಅದು?"